ನೀರುದೋಸೆ ಒತ್ತಿದರೆ ಇಡ್ಲಿ ಯಾಕೆ ಜಾಸ್ತಿಯಾಗುತ್ತದೆ?

ವೆಬ್ ಪುಟಕ್ಕೆ ಸ್ಕ್ರಿಪ್ಟ್ ಬರೆಯಲು ಕಲಿಯುವವರಿಗೆ ಮೊದಲ ದಿನವೇ ಸಿಗುವ ಪಾಠ ಇದು: ಹೆಸರಿನ ಮೊದಲು ಡಾಟ್ ಇದ್ದರೆ ಕ್ಲಾಸ್ (ಒಂದೇ ಥರದ ಹಲವು ವಸ್ತುಗಳಿಗೆ ಇಡುವ ಹೆಸರು), ಹ್ಯಾಶ್ ಇದ್ದರೆ ಐಡಿ (ಒಂದೇ ವಸ್ತುವಿನ ಹೆಸರು). ಅಷ್ಟೇ, ಪಾಠ ಮುಗಿಯಿತು. ಆಮೇಲೆ ಎಲ್ಲರೂ ಡಾಟ್ ಹಾಕುತ್ತಾ ಹೋಗುತ್ತಾರೆ. ಪುಟವೂ ನಡೆಯುತ್ತದೆ. ತೊಂದರೆ ಶುರುವಾಗುವುದು ಅದೇ ಕ್ಲಾಸಿನ ಎರಡನೇ ವಸ್ತು ಪುಟಕ್ಕೆ ಬಂದಾಗ.

ನಾನಿರುವುದು ಡೊಂಬಿವ್ಲಿಯಲ್ಲಿ. ಹಗಲು ಐರೋಳಿಯಲ್ಲಿ ಆಫೀಸು. ಸಂಜೆ ಮತ್ತು ಭಾನುವಾರ ನಮ್ಮವರ ಪುಟಗಳ ಕೆಲಸ: ಹೋಟೆಲಿನ ಮೆನು, ಸಂಘದ ಕಾರ್ಯಕ್ರಮ, ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನ ಮೇಳದ ಟಿಕೆಟ್ಟು. ದೊಡ್ಡ ದುಡ್ಡಿನ ಕೆಲಸ ಅಲ್ಲ. ಆದರೆ ಯಾರೋ ಬರೆದು ಬಿಟ್ಟುಹೋದ ಸ್ಕ್ರಿಪ್ಟು ಎಷ್ಟು ಬಗೆಯಲ್ಲಿ ಕೆಡುತ್ತದೆ ಅಂತ ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಕಳೆದ ಮಳೆಗಾಲದಲ್ಲಿ ಭಾಂಡುಪ್‌ನ ಒಂದು ಹೋಟೆಲಿನಿಂದ ಫೋನ್ ಬಂತು. ಮಾಲೀಕರು ದೂರದ ಸಂಬಂಧದಲ್ಲಿ ನನಗೆ ಮಾವ. "ಎಂತ ಮಾರಾಯ್ತಿ ಇದು, ನೀರುದೋಸೆಗೆ ಪ್ಲಸ್ ಒತ್ತಿದ್ರೆ ಇಡ್ಲಿ ಜಾಸ್ತಿ ಆಗ್ತದೆ! ಗಿರಾಕಿಗಳು ನನಗೆ ಬೈತಾರೆ" ಅಂದರು.

ಪುಟ ತೆರೆದು ನೋಡಿದೆ. ಒಂದೊಂದು ತಿಂಡಿಗೆ ಒಂದೊಂದು ಕಾರ್ಡ್. ಪ್ರತಿ ಕಾರ್ಡಿನ ಒಳಗೆ ಹೆಸರು, ಬೆಲೆ, ಎಷ್ಟು ಪ್ಲೇಟ್ ಅನ್ನುವ ಅಂಕಿ, ಪ್ಲಸ್, ಮೈನಸ್. (ಇಲ್ಲಿ ಓದಲು ಸುಲಭವಾಗಲಿ ಅಂತ ಕ್ಲಾಸ್ ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತೇನೆ. ಬ್ರೌಸರ್ ನಿಜಕ್ಕೂ ಅದನ್ನು ಒಪ್ಪುತ್ತದೆ. ಆ ಕಥೆ ಕೊನೆಯಲ್ಲಿ.) ಕಾರ್ಡಿಗೆ 'ತಿಂಡಿ' ಅನ್ನುವ ಕ್ಲಾಸ್, ಅಂಕಿಗೆ 'ಪ್ಲೇಟು' ಅನ್ನುವ ಕ್ಲಾಸ್. ಪ್ಲಸ್ ಒತ್ತಿದಾಗ ಸ್ಕ್ರಿಪ್ಟ್ ಏನು ಮಾಡುತ್ತಿತ್ತು ಗೊತ್ತಾ? ಡಾಕ್ಯುಮೆಂಟಿನ (ಅಂದರೆ ಇಡೀ ಪುಟದ) ಮೇಲೆ ಕ್ವೆರಿಸೆಲೆಕ್ಟರ್ ಅನ್ನುವ ಹುಡುಕುವ ಮೆಥಡ್ ಕರೆದು '.ಪ್ಲೇಟು' ಕೊಡು ಅಂತ ಕೇಳುತ್ತಿತ್ತು. ಕ್ವೆರಿಸೆಲೆಕ್ಟರ್ ಕೊಡುವುದು ಒಂದೇ ಒಂದು ಎಲಿಮೆಂಟನ್ನು (ಪುಟದ ಒಂದು ತುಣುಕನ್ನು), ಪುಟದಲ್ಲಿ ಮೇಲಿನಿಂದ ಕೆಳಗೆ ಬರುವಾಗ ಮೊದಲು ಸಿಕ್ಕಿದ್ದನ್ನು. ಆ ಮೆನುವಿನಲ್ಲಿ ಮೊದಲು ಇದ್ದದ್ದು ಇಡ್ಲಿ. ಹಾಗಾಗಿ ಯಾರು ಯಾವ ತಿಂಡಿಗೆ ಪ್ಲಸ್ ಒತ್ತಿದರೂ ಇಡ್ಲಿಯೇ ಏರುತ್ತಿತ್ತು. ಇಡ್ಲಿ ಒಂದೇ ಇಟ್ಟುಕೊಂಡು ಪರೀಕ್ಷೆ ಮಾಡಿ, ಸರಿ ಇದೆ ಅಂತ ಒಪ್ಪಿಸಿರಬೇಕು.

ಮಾಟುಂಗಾದ ಹೂವಿನ ಗಲ್ಲಿಯಲ್ಲಿ ನಿಂತು "ಅಣ್ಣಾ" ಅಂತ ಕೂಗಿ ನೋಡಿ. ಎಷ್ಟು ತಲೆ ತಿರುಗುತ್ತವೆ! ಕ್ಲಾಸ್ ಅಂದರೆ ಹಾಗೆ. ಅದು ಒಬ್ಬರ ವಿಳಾಸ ಅಲ್ಲ. ಆದ್ದರಿಂದ ಕ್ಲಾಸ್ ಸೆಲೆಕ್ಟರ್, ಅಂದರೆ '.ಪ್ಲೇಟು' ಥರದ ಹುಡುಕುವ ಗುರುತು, ಬರೆಯುವಾಗಲೆಲ್ಲ ನಾನು ಕೇಳಿಕೊಳ್ಳುವುದು ಎರಡೇ: ಎಷ್ಟು ಸಿಗಬಹುದು? ಎಲ್ಲಿಂದ ಹುಡುಕುತ್ತಿದ್ದೇನೆ?

ಅಕ್ಕನ ಮಗ ಠಾಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಇದನ್ನು ಸರಿಮಾಡುವಾಗ ಪಕ್ಕದಲ್ಲೇ ಕೂತಿದ್ದ. "ಚಿಕ್ಕಮ್ಮ, ಎಲ್ಲದಕ್ಕೂ ಒಂದೊಂದು ಐಡಿ ಕೊಟ್ರೆ ಮುಗೀತಲ್ವಾ?" ಅಂದ. ಮುಗಿಯುವುದಿಲ್ಲ. ಅರವತ್ತು ತಿಂಡಿಗೆ ಅರವತ್ತು ಐಡಿ ಬೇಕು, ಪ್ರತಿಯೊಂದಕ್ಕೂ ಸ್ಕ್ರಿಪ್ಟಿನಲ್ಲಿ ಸಾಲು ಬೇಕು. ನಾಳೆ ಮಾವ ಪತ್ರೊಡೆ ಸೇರಿಸಿದರೆ ಮತ್ತೆ ಕೋಡ್ ಮುಟ್ಟಬೇಕು. ಒಂದೇ ಥರದ ವಸ್ತುಗಳು ಹಲವು ಇದ್ದಾಗ ಕ್ಲಾಸೇ ಸರಿ. ಹುಡುಕುವ ಜಾಗವನ್ನು ಚಿಕ್ಕದು ಮಾಡಿದರಾಯಿತು.

ಅದಕ್ಕೆ ಕ್ಲೋಸೆಸ್ಟ್ ಅನ್ನುವ ಮೆಥಡ್ ಇದೆ. ಒತ್ತಿದ ಬಟನ್ನಿನಿಂದ ಶುರುಮಾಡಿ ಅದು ಮೇಲಕ್ಕೆ ಹತ್ತುತ್ತಾ ಹೋಗುತ್ತದೆ, '.ತಿಂಡಿ' ಸಿಕ್ಕಿದ ಕೂಡಲೇ ನಿಲ್ಲುತ್ತದೆ. ಅಂದರೆ ನೀರುದೋಸೆಯ ಕಾರ್ಡು ಕೈಗೆ ಬಂತು. ಈಗ ಆ ಕಾರ್ಡಿನ ಮೇಲೆ ಕ್ವೆರಿಸೆಲೆಕ್ಟರ್ ಕರೆದು '.ಪ್ಲೇಟು' ಕೇಳಿ. ಆ ಕಾರ್ಡಿನ ಒಳಗಿನ ಅಂಕಿಯೇ ಸಿಗುತ್ತದೆ. ಮೇಲೆ ಹತ್ತು, ಆಮೇಲೆ ಒಳಗೆ ಇಳಿ. ಮೆನು ಆಗಲಿ, ಟಿಕೆಟ್ ಪಟ್ಟಿ ಆಗಲಿ, ಸಾಲುಸಾಲಾಗಿ ಒಂದೇ ಥರದ ವಸ್ತು ಇರುವ ಪುಟಗಳಲ್ಲಿ ಮುಕ್ಕಾಲು ಪಾಲು ಕೆಲಸ ಈ ಎರಡು ಹೆಜ್ಜೆಯಲ್ಲೇ ಆಗುತ್ತದೆ.

ಕ್ಲಿಕ್ ಹ್ಯಾಂಡ್ಲರನ್ನೂ (ಒತ್ತಿದಾಗ ನಡೆಯುವ ಕೋಡನ್ನು) ಒಂದೊಂದು ಬಟನ್ನಿಗೆ ಕಟ್ಟುತ್ತಾ ಕೂರಬೇಕಿಲ್ಲ. ಇಡೀ ಮೆನುವಿನ ಹೊರಗಿನ ಡಬ್ಬಕ್ಕೆ ಒಂದು ಹ್ಯಾಂಡ್ಲರ್ ಕಟ್ಟಿ, ಒತ್ತಿದ್ದು '.ಹೆಚ್ಚಿಸು' ಬಟನ್ನಾ ಅಂತ ಒಳಗೆ ನೋಡಿದರೆ ಸಾಕು. ಹೀಗೆ ಮಾಡಿದರೆ ಪುಟ ತೆರೆದ ಮೇಲೆ ಸೇರಿದ ತಿಂಡಿಗಳಿಗೂ ಅದು ಕೆಲಸ ಮಾಡುತ್ತದೆ. ಇಲ್ಲೂ ಒಂದು ಸೂಕ್ಷ್ಮ ಇದೆ. ಬಟನ್ನಿನ ಒಳಗೆ ಪ್ಲಸ್ ಚಿತ್ರ ಇದ್ದರೆ, ಬೆರಳು ಬಿದ್ದದ್ದು ಚಿತ್ರದ ಮೇಲೆ. ಈವೆಂಟಿನ ಟಾರ್ಗೆಟ್ ಆ ಚಿತ್ರ, ಬಟನ್ ಅಲ್ಲ. ಟಾರ್ಗೆಟ್ಟಿಗೆ 'ಹೆಚ್ಚಿಸು' ಕ್ಲಾಸ್ ಇದೆಯಾ ಅಂತ ನೇರವಾಗಿ ಕೇಳಿದರೆ ಇಲ್ಲ ಅನ್ನುತ್ತದೆ. ಬಟನ್ನಿನ ಅಂಚಿನಲ್ಲಿ ಒತ್ತಿದರೆ ನಡೆಯುತ್ತದೆ, ನಡುವೆ ಒತ್ತಿದರೆ ನಡೆಯುವುದಿಲ್ಲ! ಇಂಥ ದೂರು ಬಂದರೆ ನಂಬಲಿಕ್ಕೇ ಕಷ್ಟ. ಇಲ್ಲೂ ಕ್ಲೋಸೆಸ್ಟನ್ನೇ ಬಳಸಿ. ಅದು ತನ್ನಿಂದಲೇ ಹುಡುಕಲು ಶುರುಮಾಡುವುದರಿಂದ ಬಟನ್ ಆದರೂ ಸರಿ, ಒಳಗಿನ ಚಿತ್ರ ಆದರೂ ಸರಿ.

ಕಾರ್ಡಿನ ಒಳಗೆ ಹುಡುಕುವಾಗ ಇನ್ನೊಂದು ವಿಚಿತ್ರ ಇದೆ. ಕಾರ್ಡಿನ ಮೇಲೆ ಕ್ವೆರಿಸೆಲೆಕ್ಟರ್‌ಆಲ್ (ಮೊದಲನೆಯದನ್ನಷ್ಟೇ ಅಲ್ಲ, ಸಿಕ್ಕಿದ್ದೆಲ್ಲವನ್ನೂ ಕೊಡುವ ಮೆಥಡ್) ಕರೆದು '.ಮೆನು .ಬೆಲೆ', ಅಂದರೆ ಮೆನುವಿನ ಒಳಗಿನ ಬೆಲೆ, ಅಂತ ಕೇಳಿ. ಮೆನು ಇರುವುದು ಕಾರ್ಡಿನ ಹೊರಗೆ. ಏನೂ ಸಿಗಬಾರದು ಅಲ್ವಾ? ಬೆಲೆ ಸಿಗುತ್ತದೆ. ಬ್ರೌಸರ್ ಸೆಲೆಕ್ಟರನ್ನು ಇಡೀ ಪುಟದ ಲೆಕ್ಕದಲ್ಲಿ ಹೊಂದಿಸಿ ನೋಡುತ್ತದೆ, ಸಿಕ್ಕಿದ್ದರಲ್ಲಿ ಕಾರ್ಡಿನ ಒಳಗಿರುವುದನ್ನು ಮಾತ್ರ ಕೊಡುತ್ತದೆ. ಹಳೆಯ ಪುಟಗಳಲ್ಲಿ ಸಿಗುವ ಜೇಕ್ವೆರಿ ಅನ್ನುವ ಸಿದ್ಧ ಕೋಡಿನ ಫೈಂಡ್ ಹಾಗಲ್ಲ, ಅದು ಇಡೀ ಸೆಲೆಕ್ಟರನ್ನು ಕಾರ್ಡಿನ ಒಳಗೇ ನೋಡುತ್ತದೆ, ಇಲ್ಲಿ ಏನೂ ಕೊಡುವುದಿಲ್ಲ. ಹಳೆಯ ಪುಟವನ್ನು ಜೇಕ್ವೆರಿಯಿಂದ ಬಿಡಿಸುವಾಗ ಇದು ನೆನಪಿರಲಿ. ಬ್ರೌಸರಿನಲ್ಲೂ ಹಾಗೇ ಬೇಕಿದ್ದರೆ ಸೆಲೆಕ್ಟರಿನ ಮೊದಲಿಗೆ ಕೋಲನ್ ಹಾಕಿ ಸ್ಕೋಪ್ ಅಂತ ಸೇರಿಸಬೇಕು.

ಇನ್ನು ಆ ಹೋಟೆಲಿನ ಎರಡನೇ ಕಥೆ. ನನಗೆ ಬಹಳ ಇಷ್ಟವಾದದ್ದು.

ಬೆಳಿಗ್ಗೆ ಬನ್ಸ್ ಮುಗಿದರೆ ಕೌಂಟರಿನ ಹುಡುಗ ಅದಕ್ಕೆ 'ಮುಗಿದ' ಅನ್ನುವ ಕ್ಲಾಸ್ ಬರುವಂತೆ ಒಂದು ಬಟನ್ ಒತ್ತುತ್ತಾನೆ, ಕಾರ್ಡು ಮಸುಕಾಗುತ್ತದೆ. ಮರುದಿನ ಬೆಳಿಗ್ಗೆ ಇನ್ನೊಂದು ಬಟನ್ ಒತ್ತಿದರೆ ಎಲ್ಲ ಕಾರ್ಡಿನಿಂದ ಆ ಕ್ಲಾಸ್ ತೆಗೆಯಬೇಕು. ಹುಡುಗ ಹೇಳಿದ, "ಅಕ್ಕಾ, ಅದನ್ನು ಮೂರು ನಾಲ್ಕು ಸಲ ಒತ್ತಬೇಕು. ಅದು ಹಾಗೇ." ಅವನಿಗೆ ಅದೊಂದು ದೂರೇ ಅಲ್ಲ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದ ಹಾಗೆ ದಿನದ ರೂಢಿ.

ಕೋಡಿನಲ್ಲಿ ಇದ್ದದ್ದು ಗೆಟ್‌ಎಲಿಮೆಂಟ್ಸ್‌ಬೈಕ್ಲಾಸ್‌ನೇಮ್. ಇದು ಕೊಡುವ ಪಟ್ಟಿ ಜೀವಂತ ಪಟ್ಟಿ. ಪುಟ ಬದಲಾದ ಕೂಡಲೇ ಪಟ್ಟಿಯೂ ಬದಲಾಗುತ್ತದೆ. ಪಟ್ಟಿಯಲ್ಲಿ ಬನ್ಸ್, ಗೋಳಿಬಜೆ, ಪತ್ರೊಡೆ ಇವೆ ಅಂದುಕೊಳ್ಳಿ. ಲೂಪ್ ಸೊನ್ನೆಯಿಂದ ಶುರು. ಸೊನ್ನೆಯಲ್ಲಿದ್ದ ಬನ್ಸಿನಿಂದ ಕ್ಲಾಸ್ ತೆಗೆದರು. ತೆಗೆದ ಕ್ಷಣವೇ ಬನ್ಸ್ ಪಟ್ಟಿಯಿಂದ ಹೊರಬಿತ್ತು. ಈಗ ಸೊನ್ನೆಯಲ್ಲಿ ಗೋಳಿಬಜೆ, ಒಂದರಲ್ಲಿ ಪತ್ರೊಡೆ. ಲೂಪ್ ಒಂದಕ್ಕೆ ಹೋಯಿತು, ಪತ್ರೊಡೆ ಸರಿಯಾಯಿತು. ಗೋಳಿಬಜೆಯನ್ನು ಯಾರೂ ಮುಟ್ಟಲಿಲ್ಲ. ಒಂದು ಬಿಟ್ಟು ಒಂದು. ಎಂಟು ತಿಂಡಿ ಮುಗಿದಿದ್ದರೆ ಮೊದಲ ಸಲ ಒತ್ತಿದಾಗ ನಾಲ್ಕು ಉಳಿಯುತ್ತವೆ, ಆಮೇಲೆ ಎರಡು, ಆಮೇಲೆ ಒಂದು. ನಾಲ್ಕನೇ ಸಲಕ್ಕೆ ಪೂರಾ. ಹುಡುಗನ ಲೆಕ್ಕ ಪಕ್ಕಾ ಇತ್ತು!

ಇದೇ ಪಟ್ಟಿ ಇನ್ನೊಂದು ಕಡೆಗೂ ಕೆಡುತ್ತದೆ. ಲೂಪಿನ ಒಳಗೆ ಅದೇ ಕ್ಲಾಸಿನ ಹೊಸ ಎಲಿಮೆಂಟುಗಳನ್ನು ಪಟ್ಟಿಯ ಕೊನೆಗೆ ಸೇರಿಸುತ್ತಾ ಹೋದರೆ, ಉದ್ದವೂ ಬೆಳೆಯುತ್ತಾ ಹೋಗುತ್ತದೆ. ಲೂಪ್ ಮುಗಿಯುವುದೇ ಇಲ್ಲ, ಟ್ಯಾಬ್ ಗಟ್ಟಿಯಾಗಿ ನಿಂತುಬಿಡುತ್ತದೆ.

ಕ್ವೆರಿಸೆಲೆಕ್ಟರ್‌ಆಲ್ ಕೊಡುವುದು ಕೇಳಿದ ಹೊತ್ತಿನ ಪಟ್ಟಿ. ಆಮೇಲೆ ಪುಟ ಏನೇ ಆದರೂ ಆ ಪಟ್ಟಿ ಬದಲಾಗುವುದಿಲ್ಲ. ಇದರ ಮೇಲೆ ಫಾರ್‌ಈಚ್ (ಒಂದೊಂದರ ಮೇಲೂ ಕೆಲಸ ಮಾಡಿಸುವ ಮೆಥಡ್) ನೇರವಾಗಿ ನಡೆಯುತ್ತದೆ. ಜೀವಂತ ಪಟ್ಟಿಗೆ ಫಾರ್‌ಈಚ್ ಇಲ್ಲ, ಮೊದಲು ಅರೇ ಮಾಡಿಕೊಳ್ಳಬೇಕು. ನಾನು ಕ್ವೆರಿಸೆಲೆಕ್ಟರ್‌ಆಲ್ ಬಿಟ್ಟು ಬೇರೆಯದನ್ನು ಬಳಸುವುದು ಬಹಳ ಕಡಿಮೆ. ಜೀವಂತ ಪಟ್ಟಿ ವೇಗ ಜಾಸ್ತಿ ಅನ್ನುವವರು ಸಿಗುತ್ತಾರೆ. ಇರಬಹುದು. ಅರವತ್ತು ತಿಂಡಿಯ ಮೆನುವಿಗೆ ಅದರ ಚಿಂತೆ ಯಾಕೆ?

ಈ ಎರಡರ ಹಿಂದೆ ಸ್ವಲ್ಪ ಇತಿಹಾಸ ಇದೆ. ಜಾನ್ ರೆಸಿಗ್ 2006ರಲ್ಲಿ ಜೇಕ್ವೆರಿ ಹೊರತಂದಾಗ ಕ್ಲಾಸ್ ಹಿಡಿದು ಹುಡುಕುವ ಅನುಕೂಲ ಹೆಚ್ಚಿನ ಬ್ರೌಸರುಗಳಲ್ಲಿ ಇರಲೇ ಇಲ್ಲ. ಪುಟದ ಎಲ್ಲ ಎಲಿಮೆಂಟನ್ನೂ ತಡಕಾಡಿ ಕ್ಲಾಸ್ ಹೊಂದಿಸಿ ನೋಡುವ ಫಂಕ್ಷನ್ನನ್ನು ಜನ ತಾವೇ ಬರೆದುಕೊಳ್ಳುತ್ತಿದ್ದರು. ಫೈರ್‌ಫಾಕ್ಸಿಗೆ ಗೆಟ್‌ಎಲಿಮೆಂಟ್ಸ್‌ಬೈಕ್ಲಾಸ್‌ನೇಮ್ ಬಂದದ್ದು 2008ರ ಮೂರನೇ ಆವೃತ್ತಿಯಲ್ಲಿ. ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ 2011ರಲ್ಲಿ, ಒಂಬತ್ತನೇ ಆವೃತ್ತಿಯಲ್ಲಿ. ಜೇಕ್ವೆರಿಯಲ್ಲಿ ಡಾಲರ್ ಹಾಕಿ '.ತಿಂಡಿ' ಅಂದರೆ ಎಲ್ಲ ಕಡೆ ನಡೆಯುತ್ತಿತ್ತು, ಅದಕ್ಕೇ ಅದು ಊರೆಲ್ಲ ಹರಡಿತು. ಮುಂಬೈಯ ಸಣ್ಣ ಅಂಗಡಿಗಳ ಪುಟಗಳಲ್ಲಿ ಈಗಲೂ ಅದನ್ನು ನೋಡುತ್ತಿರುತ್ತೇನೆ.

ಜೇಕ್ವೆರಿಗೆ ಒಂದು ಗುಣ ಇದೆ: ಬಾಯಿ ಬಿಡುವುದಿಲ್ಲ. ಕ್ವೆರಿಸೆಲೆಕ್ಟರಿಗೆ ಏನೂ ಸಿಗದಿದ್ದರೆ ನಲ್ (ಏನೂ ಇಲ್ಲ ಅನ್ನುವ ಉತ್ತರ) ಕೊಡುತ್ತದೆ, ಮುಂದಿನ ಸಾಲಿನಲ್ಲಿ ಕೆಂಪು ಎರರ್ ಬಂದು ಕೂಗುತ್ತದೆ. ಜೇಕ್ವೆರಿಗೆ ಏನೂ ಸಿಗದಿದ್ದರೆ ಖಾಲಿ ಪಟ್ಟಿ ಕೊಡುತ್ತದೆ. ಆ ಖಾಲಿ ಪಟ್ಟಿಗೆ ಏನು ಹೇಳಿದರೂ ಸುಮ್ನೆ ಆಯಿತು ಅನ್ನುತ್ತದೆ. ಹೊಸಬರಿಗೆ ಇದು ದೊಡ್ಡ ಉಪಕಾರ ಅಂತ ಅನಿಸುತ್ತದೆ. ನನಗಂತೂ ಕೂಗುವ ಎರರೇ ಇಷ್ಟ. ಇದ್ದಾವಾ ಅಂತ ನೋಡಲು ಇಫ್ ಒಳಗೆ ಡಾಲರ್ '.ತಿಂಡಿ' ಅಂತ ಬರೆದರೂ ಆಗುವುದಿಲ್ಲ. ಖಾಲಿ ಪಟ್ಟಿಯೂ ಒಂದು ವಸ್ತುವೇ, ಅದು ಯಾವಾಗಲೂ ಹೌದು ಅನ್ನುತ್ತದೆ. ಲೆಂತ್ ಕೇಳಬೇಕು. ಕ್ವೆರಿಸೆಲೆಕ್ಟರ್‌ಆಲ್ ಕೊಡುವ ಪಟ್ಟಿಗೂ ಇದೇ ಮಾತು.

ಈ ಮೌನದಿಂದಲೇ ಗಣೇಶ ಚತುರ್ಥಿಯ ವಾರ ಅದೇ ಹೋಟೆಲಿಗೆ ಆರ್ಡರ್ ಬರುವುದು ನಿಂತುಹೋಗಿತ್ತು. ಆರ್ಡರ್ ಬಟನ್ನಿಗೆ ಇದ್ದ ಕ್ಲಾಸ್ 'ಕೆಂಪು-ಬಟನ್'. ಸ್ಕ್ರಿಪ್ಟೂ ಅದನ್ನೇ ಹಿಡಿದುಕೊಂಡಿತ್ತು. ಹಬ್ಬಕ್ಕೆ ಬಣ್ಣ ಬದಲಿಸಲು ಕೊಟ್ಟ ಡಿಸೈನರ್ ಹುಡುಗಿ ಅದನ್ನು 'ಕೇಸರಿ-ಬಟನ್' ಮಾಡಿದಳು. ಅವಳ ಕೆಲಸ ಅವಳು ಸರಿಯಾಗೇ ಮಾಡಿದ್ದಳು. ಪುಟ ಚೆಂದ ಕಾಣುತ್ತಿತ್ತು, ಎರರ್ ಇಲ್ಲ, ಬಟನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಹಬ್ಬ ಅಲ್ವಾ, ಜನ ಮನೆಯಲ್ಲೇ ಮೋದಕ ತಿನ್ನುತ್ತಿರಬೇಕು ಅಂತ ಮಾವ ಸುಮ್ಮನಿದ್ದರಂತೆ.

ಅದಕ್ಕೂ ಮೊದಲೇ ಇನ್ನೊಂದು ತಮಾಷೆ ನಡೆಯುತ್ತಿತ್ತು. 'ದೂರು ಕಳಿಸಿ' ಅನ್ನುವ ಬಟನ್ನೂ ಕೆಂಪೇ. ಹಾಗಾಗಿ ದೂರು ಕಳಿಸಿದವರ ಬುಟ್ಟಿಯಲ್ಲಿದ್ದದ್ದೆಲ್ಲ ಆರ್ಡರೂ ಆಗಿಬಿಡುತ್ತಿತ್ತು. ಅಕ್ಕನ ಮಗ ಇದನ್ನು ಕೇಳಿ ನಕ್ಕು ನಕ್ಕು ಸುಸ್ತಾದ.

ಬಣ್ಣಕ್ಕೆ, ಅಳತೆಗೆ ಇರುವ ಕ್ಲಾಸನ್ನು ಸ್ಕ್ರಿಪ್ಟ್ ಮುಟ್ಟಬಾರದು. ಸ್ಕ್ರಿಪ್ಟಿಗೆ ಬೇಕಾದದ್ದಕ್ಕೆ ಬೇರೆ ಕ್ಲಾಸ್ ಇಡಿ, ಹೆಸರಿನ ಮೊದಲು 'ಜೆಎಸ್-' ಅಂತ ಗುರುತು ಹಾಕಿ. 'ಜೆಎಸ್-ಆರ್ಡರ್' ಅಂತ ಇದ್ದರೆ ಡಿಸೈನರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಸ್ಟೈಲ್ ಹಾಳೆಯಲ್ಲಿ ಆ ಹೆಸರು ಒಂದು ಸಲವೂ ಬರಬಾರದು. ಇದರ ಬದಲು ಡೇಟಾ ಅಟ್ರಿಬ್ಯೂಟ್ (ಎಲಿಮೆಂಟಿಗೆ ಅಂಟಿಸುವ, 'ಡೇಟಾ-' ಅಂತ ಶುರುವಾಗುವ ಚೀಟಿ) ಬಳಸುವವರೂ ಇದ್ದಾರೆ, ಅದೂ ಸರಿಯೇ. ಒಂದು ಪುಟದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ.

ಡಾಟ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸೆಲೆಕ್ಟರ್ ಕೇಳುವ ಕಡೆ ಡಾಟ್ ಬೇಕು, ಬರೀ ಕ್ಲಾಸ್ ಹೆಸರು ಕೇಳುವ ಕಡೆ ಬೇಡ. ಕ್ಲಾಸ್‌ಲಿಸ್ಟ್‌ಗೆ ಸೇರಿಸುವಾಗ '.ಮುಗಿದ' ಅಂತ ಡಾಟ್ ಸಮೇತ ಕೊಟ್ಟರೆ ಎರರ್ ಬರುವುದಿಲ್ಲ. ಡಾಟ್ ಕೂಡ ಹೆಸರಿನ ಭಾಗವಾಗಿ ಒಳಗೆ ಹೋಗಿ ಕೂರುತ್ತದೆ! ಆಮೇಲೆ ಸ್ಟೈಲ್ ಯಾಕೆ ಹತ್ತುತ್ತಿಲ್ಲ ಅಂತ ಹುಡುಕಬೇಕು. ಇನ್ನು ನಡುವಿನ ಸ್ಪೇಸ್. '.ತಿಂಡಿ.ಮುಗಿದ' ಅಂದರೆ ಎರಡೂ ಕ್ಲಾಸ್ ಇರುವ ಒಂದೇ ಎಲಿಮೆಂಟ್. '.ತಿಂಡಿ .ಮುಗಿದ' ಅಂದರೆ ತಿಂಡಿಯ ಒಳಗೆ ಎಲ್ಲೋ ಇರುವ ಮುಗಿದ. ನಡುವೆ ಕಾಮಾ ಹಾಕಿದರೆ ಎರಡರಲ್ಲಿ ಯಾವುದು ಇದ್ದರೂ ಸರಿ.

ಈಗ ಕನ್ನಡ ಹೆಸರಿನ ಕಥೆ. ಸಿಎಸ್‌ಎಸ್ ನಿಯಮದ ಪ್ರಕಾರ ಕ್ಲಾಸ್ ಸೆಲೆಕ್ಟರಿನಲ್ಲಿ ಕನ್ನಡ ಅಕ್ಷರ ಧಾರಾಳವಾಗಿ ಬರಬಹುದು. '.ಬೆಲೆ' ಅಂದರೆ ಬ್ರೌಸರಿಗೆ ಒಂದು ಸೆಲೆಕ್ಟರೇ. ಅಂಕಿಯ ವಿಷಯ ಇನ್ನೂ ಮಜಾ. ಡಾಟ್ ಆದ ಕೂಡಲೇ ಇಂಗ್ಲಿಷ್ ಅಂಕಿ ಬರುವಂತಿಲ್ಲ. '.100ರೂ' ಅಂತ ಕೇಳಿದರೆ ಕ್ವೆರಿಸೆಲೆಕ್ಟರ್ ಸಿಂಟ್ಯಾಕ್ಸ್ ಎರರ್ ಎಸೆಯುತ್ತದೆ, ಅಂಕಿಯನ್ನು ಬ್ಯಾಕ್‌ಸ್ಲ್ಯಾಶ್ ಸಂಕೇತದಲ್ಲಿ ಬರೆದು (ಎಸ್ಕೇಪ್ ಮಾಡಿ) ಕೊಡಬೇಕು. ಆದರೆ '.೧೦೦ರೂ' ಅಂತ ಕನ್ನಡ ಅಂಕಿಯಲ್ಲಿ ಬರೆದರೆ ಒಪ್ಪುತ್ತದೆ! ಆ ನಿಯಮಕ್ಕೆ ನಮ್ಮ ಅಂಕಿ ಅಂಕಿಯೇ ಅಲ್ಲ, ಇನ್ನೊಂದು ಅಕ್ಷರ ಅಷ್ಟೇ. ಕ್ಲಾಸ್ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ತಪ್ಪಿ ಒದ್ದಾಡುವ ರಗಳೆಯೂ ಕನ್ನಡಕ್ಕಿಲ್ಲ.

ಹಾಗಂತ ನಾನು ಕನ್ನಡ ಕ್ಲಾಸ್ ಬಳಸಿ ಅನ್ನುವುದಿಲ್ಲ. ಕಾರಣ ದೋಸೆ. 'ದೋ' ಅನ್ನುವುದನ್ನು ಯೂನಿಕೋಡಿನಲ್ಲಿ 'ದ' ಮತ್ತು ಓತ್ವದ ಒಂದೇ ಚಿಹ್ನೆಯಿಂದ ಬರೆಯಬಹುದು. ಒತ್ವದ ಚಿಹ್ನೆ, ಅದರ ಮುಂದೆ ದೀರ್ಘದ ಚಿಹ್ನೆ ಅಂತ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಸೆಲೆಕ್ಟರಿಗೆ ಎರಡೂ ಬೇರೆ ಬೇರೆ, ಅದು ಒಂದೊಂದು ಸಂಕೇತವನ್ನೂ ಹಾಗ್ಹಾಗೇ ಹೋಲಿಸುತ್ತದೆ. ಇನ್ನೊಂದು ಶತ್ರು, ಅರ್ಧಾಕ್ಷರ ಉಳಿಸಲು ನಾವು ಒತ್ತುವ ಆ ಕಣ್ಣಿಗೆ ಕಾಣದ ಅಕ್ಷರ, ಜೀರೋ ವಿಡ್ತ್ ನಾನ್ ಜಾಯಿನರ್. 'ಪಾರ್ಸೆಲ್‌ಗೆ' ಅಂತ ಟೈಪ್ ಮಾಡಿ, 'ಗೆ' ಅಳಿಸಿದರೆ 'ಪಾರ್ಸೆಲ್' ಹಿಂದೆ ಅದು ಉಳಿದುಬಿಡಬಹುದು. ಹಿಂದೆಮುಂದಿನ ಸ್ಪೇಸ್ ಕತ್ತರಿಸುವ ಟ್ರಿಮ್ ಮಾಡಿದರೂ ಹೋಗುವುದಿಲ್ಲ, ಸ್ಪೇಸುಗಳ ಲೆಕ್ಕದಲ್ಲಿ ಅದಿಲ್ಲ.

ಮಾವನ ಪುಟದಲ್ಲಿ ತಿಂಡಿಯ ಹೆಸರನ್ನು ಅವರೇ ಮೊಬೈಲಿನಲ್ಲಿ ಟೈಪ್ ಮಾಡಿ ಸೇರಿಸುತ್ತಾರೆ. ಆ ಹೆಸರಿನಿಂದಲೇ ಕ್ಲಾಸ್ ಕಟ್ಟುವ ಸಾಲು ಹಳೆಯ ಸ್ಕ್ರಿಪ್ಟಿನಲ್ಲಿ ಇತ್ತು. 'ಮಸಾಲೆ ದೋಸೆ' ಅಂತ ಸ್ಪೇಸ್ ಇದ್ದರೆ ಅದು ಎರಡು ಕ್ಲಾಸ್ ಆಗುತ್ತಿತ್ತು, ಆ ಕಥೆ ಬೇರೆ. ಆ ಸಾಲನ್ನೇ ತೆಗೆದುಹಾಕಿದೆ. ಈಗ ಪ್ರತಿ ಕಾರ್ಡಿನ ಡೇಟಾ ಅಟ್ರಿಬ್ಯೂಟಿನಲ್ಲಿ ಒಂದು ನಂಬರ್ ಇರುತ್ತದೆ, ಒಂದು ನಿರ್ದಿಷ್ಟ ತಿಂಡಿ ಬೇಕಾದಾಗ ಚೌಕ ಕಂಸದಲ್ಲಿ ಅದನ್ನು ಕೇಳುತ್ತೇನೆ. ಹಾಗೆ ಕೇಳುವಾಗ ನಂಬರನ್ನು ಕೊಟೇಶನ್ ಒಳಗೆ ಇಡಿ. ಇಲ್ಲದಿದ್ದರೆ ಡಾಟ್ ಪಕ್ಕದ ಅಂಕಿಗೆ ಬಂದ ಅದೇ ಸಿಂಟ್ಯಾಕ್ಸ್ ಎರರ್ ಇಲ್ಲೂ ಬರುತ್ತದೆ.